ಹಳೆ ಗಾಡಿ ಇಂಡಿಕೇಟರ್ ನಿಂತ್ರ ಫ್ಲಾಷರ್ ತರಬ್ಯಾಡ್ರಿ, ಮೊದ್ಲು ಅರ್ಥಿಂಗ್ ನೋಡ್ರಿ

ಇಂಡಿಕೇಟರ್ ಮಿಣುಕೋದು ನಿಂತ್ರ ನಮ್ಮ ಕಡೆ ಹುಡುಗ್ರು ಮೊದಲ ಮಾಡೋ ಕೆಲಸ ಅಂದ್ರ ಸೀದಾ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಹೊಸಾ ಫ್ಲಾಷರ್, ಅಂದ್ರ ಇಂಡಿಕೇಟರ್ ಮಿಣುಕಿಸೋ ಸಣ್ಣ ಡಬ್ಬಿ, ತರೋದು. ಅದು ಹಾಕಿದ ಮ್ಯಾಲೂ ಮಿಣುಕಲಿಲ್ಲಾಂದ್ರ ನಾಕೂ ಬಲ್ಬ್ ಬದಲಿ. ಆಮ್ಯಾಲ ಹ್ಯಾಂಡಲ್ ಸ್ವಿಚ್. ಆಮ್ಯಾಲ ಪೂರಾ ವೈರಿಂಗ್ ಸೆಟ್. ಇಷ್ಟೆಲ್ಲಾ ರೊಕ್ಕ ಸುರುವಿದ ಮ್ಯಾಲ ಯಾವನೋ ಒಬ್ಬ ಹಳೆ ಮೇಸ್ತ್ರಿ ಬಂದು ಒಂದು ತುಂಡು ವೈರ್ ತಗೊಂಡು ಇಂಡಿಕೇಟರ್ ಬುಡದಿಂದ ಬ್ಯಾಟರಿ ಮೈನಸ್ಸಿಗೆ ಹಿಡದ ಕೂಡ್ಲೇ ಟಕ್ ಟಕ್ ಅಂತ ಚಾಲೂ ಆಗ್ತೈತಿ. ಎಲ್ರೂ ಅವನ್ನ ದೇವ್ರ ಹಂಗ ನೋಡ್ತಾರ. ಅವ ಮಾಡಿದ್ದು ಏನೂ ಇಲ್ರಿ, ಕರೆಂಟಿಗೆ ವಾಪಸ್ ಹೋಗಾಕ ದಾರಿ ಮಾಡಿಕೊಟ್ಟಾನ, ಅಷ್ಟ. ಆ ವಾಪಸ್ ದಾರಿಗೇ ಅರ್ಥಿಂಗ್ ಅನ್ನೋದು.

ನಾನು ಕೊಪ್ಪಳದಾಗ ಇರೋನು, ಗಾಡಿ ರಿಪೇರಿ ನನ್ನ ಹೊಟ್ಟೆಪಾಡಲ್ಲ, ಹುಚ್ಚು. ಐತಾರ ಬಂತಂದ್ರ ಮನಿ ಮುಂದಿನ ಬೇವಿನ ಗಿಡದ ಕೆಳಗ ಯಾವುದರ ಒಂದು ಹಳೆ ಗಾಡಿ ಬಿಚ್ಚಿಕೊಂಡು ಕುಂತಿರ್ತೀನಿ. ಇಂಜಿನ್ ಕೆಲಸಕ್ಕ ಯಾರೂ ನನ್ನ ಹತ್ರ ಬರಂಗಿಲ್ಲ, ಅದಕ್ಕ ಛಲೋ ಛಲೋ ಮೆಕ್ಯಾನಿಕ್‌ಗಳು ಅದಾರ. ಲೈಟಿನ ಕೆಲಸಕ್ಕ ಮಾತ್ರ ಬರ್ತಾರ, ಯಾಕಂದ್ರ ಇದು ಯಾರಿಗೂ ಬ್ಯಾಡಾದ ಕೆಲಸ, ಅರ್ಧ ದಿನ ಕುಂತು ವೈರ್ ಹುಡುಕಿದ್ರ ಗಿರಾಕಿ ಹತ್ರ ಎಷ್ಟ ಅಂತ ಕೇಳೋದು ಹೇಳ್ರಿ.

ಈಗೀಗ ಬರೋರು ಜಾಸ್ತಿ ಆಗ್ಯಾರ, ಅದಕ್ಕ ಕಾರಣ ಆರ್‌ಸಿ. ಖಾಸಗಿ ಗಾಡಿ ನೋಂದಣಿ 15 ವರ್ಷಕ್ಕ ಮುಗೀತೈತಿ, ಆಮ್ಯಾಲ ಐದೈದು ವರ್ಷಕ್ಕ ರಿನ್ಯೂವಲ್ ಮಾಡಿಸಬೇಕು, ಅದಕ್ಕ ಗಾಡಿ ಆರ್‌ಟಿಓ ಇನ್ಸ್‌ಪೆಕ್ಟರ್ ಮುಂದ ನಿಲ್ಲಿಸಬೇಕು. ಅಲ್ಲಿ ಇಂಜಿನ್ ಎಷ್ಟ ಛಲೋ ಸೌಂಡ್ ಮಾಡಿದ್ರೂ ಉಪಯೋಗಿಲ್ಲ, ಎಡಕ್ಕ ಹಾಕು ಬಲಕ್ಕ ಹಾಕು ಬ್ರೇಕ್ ತುಳಿ ಅಂದಾಗ ಲೈಟ್ ಹತ್ತಬೇಕು. ಯಮಹಾ ಆರ್‌ಎಕ್ಸ್ 100 ಬಂದಿದ್ದು 1985ರಿಂದ 1996ರ ತನಕ, ಮೈಸೂರಿನ ಯೆಜ್ಡಿ ಫ್ಯಾಕ್ಟರಿ ಬಂದ್ ಆಗಿದ್ದೂ 1996ರಾಗ, ಅಂದ್ರ ಈ ಗಾಡಿಗಳೊಳಗ ಭಾಳ ಹೊಸಾದು ಅನ್ನೋದಕ್ಕೂ ಈಗ 25 ವರ್ಷದ ಮ್ಯಾಲ ವಯಸ್ಸಾಗೈತಿ, ವೈರಿಗೂ ಅಷ್ಟ ವಯಸ್ಸು. ರಾಯಚೂರಿನಿಂದ ಬ್ಯಾರೆ ಆಗಿ ಕೊಪ್ಪಳ ಜಿಲ್ಲಾ ಆಗಿದ್ದು 1997ರಾಗ, ಅದಕ್ಕ ನಮ್ಮಲ್ಲಿ ಹಳೆ ಆರ್‌ಎಕ್ಸ್ ನೋಡ್ರಿ, ಕೆಎ-37 ಇರಂಗಿಲ್ಲ, ಭಾಳಷ್ಟಕ್ಕ ರಾಯಚೂರಿನ ಕೆಎ-36 ಇರ್ತೈತಿ. ಆ ನಂಬರ್ ಪ್ಲೇಟ್ ಬದಲಿ ಮಾಡಾಕ ಯಾರೂ ಒಪ್ಪಂಗಿಲ್ಲ, ಅದೊಂದು ಗತ್ತು.

ಈಗ ವಿಷಯಕ್ಕ ಬರ್ತೀನಿ. ಬೈಕಿನಾಗ ಪ್ರತಿ ಬಲ್ಬಿಗೂ ಪ್ಲಸ್ ವೈರ್ ಒಂದು ಬರ್ತೈತಿ, ಮೈನಸ್ ಮಾತ್ರ ಬಾಡಿ ಮುಖಾಂತರ ವಾಪಸ್ ಹೊಕ್ಕೈತಿ. ಬಲ್ಬಿನ ಹಿತ್ತಾಳಿ ಬುಡ, ಅದರಿಂದ ಹೋಲ್ಡರ್, ಹೋಲ್ಡರಿಂದ ಇಂಡಿಕೇಟರ್ ಕಡ್ಡಿ, ಕಡ್ಡಿ ನಟ್ಟಿನಿಂದ ಮಡ್‌ಗಾರ್ಡ್, ಮಡ್‌ಗಾರ್ಡ್ ಬೋಲ್ಟಿನಿಂದ ಚಾಸಿ, ಚಾಸಿಯಿಂದ ಬ್ಯಾಟರಿ. ಇಷ್ಟು ಕಡೆ ಕಬ್ಬಿಣಕ್ಕ ಕಬ್ಬಿಣ ಹತ್ತಬೇಕು, ಒಂದ್ ಕಡೆ ತುಕ್ಕು ಕುಂತಿದ್ರೂ ಸಾಕು. ಮ್ಯಾಲ ನಮ್ಮ ಧೂಳು ಬ್ಯಾರೆ. ಗಿಣಗೇರಿ ಕಡೆ ಫ್ಯಾಕ್ಟರಿಗಳಿಗೆ ದಿನಾ ಡ್ಯೂಟಿಗೆ ಹೋಗೋರ ಗಾಡಿ ಬಿಚ್ಚಿದ್ರ ಹೋಲ್ಡರ್ ಒಳಗ ಕರಿ ಪುಡಿ ಕುಂತಿರ್ತೈತಿ, ಮಳಿ ಬಂದ್ರ ಅದ ಪುಡಿ ಕೆಸರಾಗಿ ಸ್ಪ್ರಿಂಗ್ ಹಿಡಕೊಂಡು ಬಿಡ್ತೈತಿ.

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಇದು ತಿಳಿದ್ರ ಅರ್ಧ ಕೆಲಸ ಮುಗೀತು. 12 ವೋಲ್ಟ್ 21 ವ್ಯಾಟ್ ಬಲ್ಬ್ ಹತ್ರ ಹತ್ರ 1.75 ಆಂಪಿಯರ್ ಎಳೀತೈತಿ. ಅದ 21 ವ್ಯಾಟ್ 6 ವೋಲ್ಟ್ ಗಾಡಿಯೊಳಗ ಆದ್ರ 3.5 ಆಂಪಿಯರ್, ಅಂದ್ರ ಡಬಲ್. ಈಗ ಆ ದಾರಿಯೊಳಗ ಎಲ್ಲರ ಒಂದ್ ಕಡೆ ತುಕ್ಕಿನಿಂದ ಬರೇ ಅರ್ಧ ಓಮ್ ಅಡ್ಡ ಬಂತು ಅಂತ ಇಟ್ಕೋರಿ. 12 ವೋಲ್ಟಿನ ಬಲ್ಬಿಗೆ ಇನ್ನೂ 11ರ ಮ್ಯಾಲ ಸಿಗ್ತೈತಿ, ಸ್ವಲ್ಪ ಮಂಕಾದಂಗ ಕಾಣ್ತೈತಿ, ನಡೀತೈತಿ. 6 ವೋಲ್ಟಿನ ಬಲ್ಬಿಗೆ ಉಳಿಯೋದು ನಾಕೂವರಿ ಚಿಲ್ರೆ ವೋಲ್ಟ್, ಬೆಳಕು ಅರ್ಧಕ್ಕಿಂತ ಕಮ್ಮಿ ಆಗಿಬಿಡ್ತೈತಿ, ಯಾಕಂದ್ರ ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಜರಾ ಇಳಿದ್ರೂ ಬೆಳಕು ಭಾಳ ಇಳೀತೈತಿ. ತುಂಗಭದ್ರಾ ಎಡದಂಡೆ ಕಾಲುವಿ ಕೊನೆಯ ಹೊಲದವ್ರನ್ನ ಕೇಳ್ರಿ, ಡ್ಯಾಮಿನ್ಯಾಗ ನೀರು ಐತಿ ಅಂತ ಪೇಪರಿನ್ಯಾಗ ಬಂದ್ರೂ ಅವರ ಹೊಲಕ್ಕ ಬರೋದು ಎಷ್ಟು ಅಂತ ಅವ್ರಿಗೇ ಗೊತ್ತು. ಹಿಂದಿನ ಬಲ್ಬಿನ ಹಣೆಬರಹನೂ ಅದ. ಹಳೆ 6 ವೋಲ್ಟ್ ಯೆಜ್ಡಿ, ಬುಲೆಟ್ ಲೈಟ್ ಅಂದ್ರ ಮೇಣದಬತ್ತಿ ಅಂತ ಜನ ನಗ್ತಾರಲ್ಲ, ಅದ್ರಾಗ ಅರ್ಧ ತಪ್ಪು ಕಂಪನೀದಲ್ಲ, ತುಕ್ಕಿಂದು.

ಇದನ್ನ ಹಿಡಿಯೋದು ಹೆಂಗ? ಮೊದ್ಲು, ಮನಿ ಕರೆಂಟಿನ ಟೆಸ್ಟರ್ ತಗೊಂಡು ಬರಬ್ಯಾಡ್ರಿ, ಅದು 12 ವೋಲ್ಟಿಗೆ ಹತ್ತಂಗಿಲ್ಲ. ಎಷ್ಟೋ ಮಂದಿ ಅದನ್ನ ಚುಚ್ಚಿ ನೋಡಿ ಕರೆಂಟ್ ಬರವಲ್ದು ಅಂತಾರ. ಒಂದು ಸಾದಾ ಮಲ್ಟಿಮೀಟರ್ ಸಾಕು, ಅದೂ ಇಲ್ಲಂದ್ರ ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಸೋಲ್ಡರ್ ಮಾಡಿ ಇಟ್ಕೋರಿ. ನನ್ನ ಕೇಳಿದ್ರ ಬಲ್ಬ ಛಲೋ. ಯಾಕಂದ್ರ ಮೀಟರ್ ಕರೆಂಟ್ ಎಳಿಯಂಗೇ ಇಲ್ಲ, ವೈರ್ ಒಳಗ ಬರೇ ಒಂದು ಎಳಿ ಉಳಿದಿದ್ರೂ ಪೂರಾ 12 ತೋರಸ್ತೈತಿ, ನೀವು ವೈರ್ ಛಲೋ ಐತಿ ಅನ್ಕೊಂಡು ಮುಂದ ಹೋಗಿಬಿಡ್ತೀರಿ. ಬಲ್ಬ್ ಕರೆಂಟ್ ಎಳೀತೈತಿ, ದಾರಿ ಸರಿ ಇಲ್ಲಂದ್ರ ಮಂಕಾಗಿ ಹೇಳ್ತೈತಿ.

ಮೀಟರ್ ಇದ್ರ ಹಿಂಗ ಮಾಡ್ರಿ. ಬ್ರೇಕ್ ಪೆಡಲ್ ಮ್ಯಾಲ ಒಂದು ಕಲ್ಲು ಇಟ್ಟು ಬ್ರೇಕ್ ಲೈಟ್ ಚಾಲೂ ಇಡ್ರಿ, ಲೋಡ್ ಇರಬೇಕು, ಅದು ಮುಖ್ಯ. ಮೀಟರ್ ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬಲ್ಬಿನ ಹಿತ್ತಾಳಿ ಬುಡಕ್ಕ, ಇನ್ನೊಂದು ಬ್ಯಾಟರಿ ಮೈನಸ್ ಟರ್ಮಿನಲ್ಲಿಗೆ. ಸೊನ್ನೆ ಪಾಯಿಂಟ್ ಒಂದೋ ಎರಡೋ ಬಂದ್ರ ಚಿಂತಿ ಇಲ್ಲ. ಒಂದರ ಮ್ಯಾಲ ಬಂತು ಅಂದ್ರ ಅಷ್ಟು ವೋಲ್ಟ್ ಅರ್ಥಿಂಗ್ ದಾರಿಯೊಳಗ ಸುಟ್ಟು ಹೊಂಟೈತಿ. ಆಮ್ಯಾಲ ಕಡ್ಡಿ ಒಂದೊಂದ ಹೆಜ್ಜಿ ಹಿಂದ ತರ್ರಿ, ಹೋಲ್ಡರ್, ಮಡ್‌ಗಾರ್ಡ್, ಚಾಸಿ ಬೋಲ್ಟ್, ಎಲ್ಲಿ ನಂಬರ್ ಧಪ್ ಅಂತ ಬೀಳ್ತೈತೋ ಅಲ್ಲೇ ಕಳ್ಳ.

ಕುಕನೂರು ಕಡೆಯ ಒಬ್ರು ರಿಟೈರ್ಡ್ ಮೇಷ್ಟ್ರು ಅದಾರ, ವಿಜ್ಞಾನ ಕಲಿಸ್ತಿದ್ರು, ಅವರ ಯೆಜ್ಡಿ ಮದಿಮಗನ ಹಂಗ ರೆಡಿ ಆಗಿ ಬಂದಿತ್ತು. ಚಾಸಿ, ಮಡ್‌ಗಾರ್ಡ್, ಟೂಲ್ ಬಾಕ್ಸ್ ಎಲ್ಲಾ ಪೌಡರ್ ಕೋಟಿಂಗ್, ಮುಟ್ಟಿದ್ರ ಜಾರ್ತಿತ್ತು. ಲೈಟ್ ಒಂದೂ ನೆಟ್ಟಗಿಲ್ಲ. ಬಣ್ಣಾ ಹೊಡಿಯೋಕಿಂತ ಮೊದ್ಲು ಎಲ್ಲಾ ಹತ್ತತಿದ್ವು, ಈಗ ಬ್ರೇಕ್ ತುಳಿದ್ರ ಮೀಟರ್ ಒಳಗಿನ ಸಣ್ಣ ಲೈಟ್ ಹತ್ತತೈತಿ, ಇಂಡಿಕೇಟರ್ ಹಾಕಿದ್ರ ಹಿಂದಿನ ಟೇಲ್ ಲೈಟ್ ಅದ್ರ ಜೋಡಿ ಮಿಣುಕತೈತಿ.

"ಅಲ್ಲೋ ತಮ್ಮಾ, ಬಣ್ಣಾ ಹೊಡದ್ರ ಲೈಟ್ ಯಾಕ ಹೋಗಬೇಕು, ಭೂತ ಹೊಕ್ಕೈತೇನು ಇದ್ರಾಗ" ಅಂದ್ರು.

"ಸರ, ಬಣ್ಣಾ ಅಂದ್ರ ಏನ್ರಿ, ಪ್ಲಾಸ್ಟಿಕ್. ಕಬ್ಬಿಣಕ್ಕ ಪ್ಲಾಸ್ಟಿಕ್ ಅಂಗಿ ಹಾಕ್ಸೀರಿ ನೀವು" ಅಂದೆ.

ಅವ್ರಿಗೆ ಅಷ್ಟ ಸಾಕಾತು, ಉಳಿದಿದ್ದು ಅವ್ರ ಹೇಳಿದ್ರು. ಬ್ರೇಕ್ ಫಿಲಮೆಂಟಿಗೆ ಪ್ಲಸ್ ಬಂತು, ಬುಡದಿಂದ ವಾಪಸ್ ಹೋಗಾಕ ದಾರಿ ಇಲ್ಲ, ಅದಕ್ಕ ಕರೆಂಟು ಅದ ಬುಡಕ್ಕ ಜೋಡಿಸಿರೋ ಟೇಲ್ ಫಿಲಮೆಂಟ್ ಹಿಡಕೊಂಡು ಉಲ್ಟಾ ಹೋಗಿ, ಟೇಲ್ ವೈರ್ ಮುಖಾಂತರ ಮುಂದಿನ ಮೀಟರ್ ಬಲ್ಬಿಗೆ ಬಂದು ಅಲ್ಲಿಂದ ಅರ್ಥ್ ಹುಡುಕ್ಕೊಂಡೈತಿ. ಇದು ನೆನಪಿಡ್ರಿ. ಒಂದು ಸ್ವಿಚ್ ಒತ್ತಿದ್ರ ಸಂಬಂಧ ಇಲ್ಲದ ಇನ್ನೊಂದು ಲೈಟ್ ಹತ್ತಿದ್ರ ಅಥವಾ ಮಿಣುಕಿದ್ರ, ನೂರಕ್ಕ ತೊಂಬತ್ತು ಸಲ ಅದು ಅರ್ಥಿಂಗ್ ಹೋಗಿದ್ದ, ಬ್ಯಾರೆ ಏನೂ ಹುಡುಕಬ್ಯಾಡ್ರಿ. ಬ್ರೇಕ್ ತುಳಿದಾಗ ಹಿಂದಿನ ಲೈಟ್ ಜಾಸ್ತಿ ಆಗೋ ಬದ್ಲಿ ಕಮ್ಮಿ ಆದ್ರೂ ಅದ.

ಇದಕ್ಕ ಜನ ಏನ್ ಮಾಡ್ತಾರಂದ್ರ ಹೊಸಾ ಬಣ್ಣಾನ ಅಲ್ಲಲ್ಲಿ ಪಾಲಿಶ್ ಪೇಪರ್ ಹಾಕಿ ಕೆರೀತಾರ. ಮೇಷ್ಟ್ರು ಅಷ್ಟ ಆಸೆಯಿಂದ ಮಾಡ್ಸಿದ ಬಣ್ಣಾ ಕೆರಿಯಾಕ ನನಗ ಮನಸ್ಸು ಬರಂಗಿಲ್ಲ, ಅದೂ ಅಲ್ದ ಕೆರದ ಕಡೆ ಮುಂದಿನ ಮಳಿಗಾಲಕ್ಕ ತುಕ್ಕು ಗ್ಯಾರಂಟಿ. ನಾವು ಟೇಲ್ ಲೈಟ್ ಹೋಲ್ಡರ್ ಬುಡಕ್ಕೊಂದು, ಎರಡೂ ಹಿಂದಿನ ಇಂಡಿಕೇಟರಿಗೆ ಒಂದೊಂದು ಕರಿ ವೈರ್ ಹಾಕಿ, ಮೂರನ್ನೂ ಸೀಟಿನ ಕೆಳಗ ಕೂಡಿಸಿ ಒಂದು ರಿಂಗ್ ಟರ್ಮಿನಲ್ ಹಾಕಿ ಸೀದಾ ಬ್ಯಾಟರಿ ಮೈನಸ್ಸಿಗೆ ಕೊಟ್ಟಿವಿ. ಹೆಡ್‌ಲೈಟ್ ಕುಂದರೋ ಬಟ್ಟಲು, ಅಂದ್ರ ಡೂಮ್, ಅದರಿಂದಲೂ ಹಂಗ ಒಂದು. ವೈರು ಒಂದು ಸ್ಕ್ವೇರ್ ಎಂಎಂ ಇದ್ರ ಸಾಕು, ಚಾರ್ಜರ್ ಒಳಗಿನ ಕೂದಲಂಥಾ ವೈರ್ ಬ್ಯಾಡ. ಈಗ ಆ ಗಾಡಿಯೊಳಗ ಈ ಲೈಟುಗಳ ಕರೆಂಟು ಚಾಸಿ ನಂಬಿಕೊಂಡಿಲ್ಲ. ಪೌಡರ್ ಕೋಟಿಂಗ್ ಮಾಡ್ಸೋರು ಜೋಡ್ಸೋ ಮುಂಚೇನ ಈ ವೈರ್ ಎಳ್ಕೊಂಡ್ರ ಆಮ್ಯಾಲ ಮಡ್‌ಗಾರ್ಡ್ ಬಿಚ್ಚೋ ಗೋಳು ತಪ್ಪತೈತಿ.

ಅರ್ಥಿಂಗ್ ಬಿಟ್ರ ಮುಂದಿನ ಗೋಳು ಬಣ್ಣದ್ದು, ಈ ಸಲ ವೈರಿನ ಬಣ್ಣ. ಭಾಗ್ಯನಗರದ ಹುಡುಗ ಒಬ್ಬ ಆರ್‌ಎಕ್ಸ್ ತಂದಿದ್ದ. "ಅಣ್ಣಾ, ಎಡಕ್ಕ ಹಾಕಿದ್ರ ಮಸ್ತ್ ಮಿಣುಕತೈತಿ, ಬಲಕ್ಕ ಹಾಕಿದ ಕೂಡ್ಲೇ ಫ್ಯೂಸ್ ಹಾರ್ತೈತಿ, ಹಾರ್ನೂ ಬಂದ್, ಎಲ್ಲಾ ಬಂದ್. ಅಶೋಕ ಸರ್ಕಲ್ಲಿನ್ಯಾಗ ಬಲಕ್ಕ ಹೊಳ್ಳಬೇಕಂದ್ರ ಕೈ ತೋರಸ್ತೀನಿ" ಅಂದ. ಹಿಂದಿನ ಸಲ ಯಾರ ಕಡೆ ವೈರಿಂಗ್ ಮಾಡ್ಸಿ ಅಂತ ಕೇಳಿದ್ರ ಊರಿನ ಹೆಸರು ಹೇಳ್ದ, ಬರೇ ಹೀರೋ ಹೋಂಡಾ ಗಾಡಿ ಮಾಡಿ ಕೈ ಕುಂತವ್ರು ಅಂದ. ಅಷ್ಟ ಕೇಳಿದ್ ಕೂಡ್ಲೇ ನಾ ಹೆಡ್‌ಲೈಟ್ ಡೂಮ್ ಬಿಚ್ಚಿದೆ. ಇದ್ದಿದ್ದೂ ಅದ.

ಹೋಂಡಾ ಕುಟುಂಬದ ಗಾಡಿಯೊಳಗ ಹಸರು ವೈರ್ ಅಂದ್ರ ಅರ್ಥ್. ಕರಿ ಅಂದ್ರ ಕೀ ಆನ್ ಮಾಡಿದ ಮ್ಯಾಲ ಬರೋ ಪ್ಲಸ್. ಕೇಸರಿ ಎಡಗಡೆ ಇಂಡಿಕೇಟರ್, ತಿಳಿ ನೀಲಿ ಬಲಗಡೆ, ಬೂದಿ ಬಣ್ಣ ಫ್ಲಾಷರಿನಿಂದ ಸ್ವಿಚ್ಚಿಗೆ, ಹಸರಿನ್ಯಾಗ ಹಳದಿ ಗೆರಿ ಇದ್ರ ಬ್ರೇಕ್ ಲೈಟ್, ಕಂದು ಟೇಲ್. ಯಮಹಾದವ್ರದು ಪೂರಾ ಬ್ಯಾರೆ. ಅವರಲ್ಲಿ ಕರಿ ಅರ್ಥ್, ಕಂದು ಕೀ ಆದ ಮ್ಯಾಲಿನ ಪ್ಲಸ್, ಕಂದಿನ್ಯಾಗ ಬಿಳಿ ಗೆರಿ ಫ್ಲಾಷರಿಂದು, ಕಡು ಕಂದು ಎಡ, ಕಡು ಹಸರು ಬಲ, ಹಳದಿ ಬ್ರೇಕ್, ನೀಲಿ ಟೇಲ್. ಹೋಂಡಾ ಕಲ್ತ ಕೈಗೆ ಆರ್‌ಎಕ್ಸಿನ ಕಡು ಹಸರು ಸಿಕ್ಕರ ಏನ್ ಮಾಡ್ತೈತಿ ಹೇಳ್ರಿ? ಒಯ್ದು ಅರ್ಥಿಂಗ್ ಗುಂಪಿಗೆ ಕೂಡಸ್ತೈತಿ. ಈಗ ಬಲಕ್ಕ ಸ್ವಿಚ್ ಒತ್ತಿದ್ರ ಫ್ಲಾಷರಿನಿಂದ ಬಂದ ಪ್ಲಸ್ ಸೀದಾ ಬಾಡಿಗೆ, ಫ್ಯೂಸ್ ಹಾರದ ಇನ್ನೇನು ಮಾಡೀತು. ಆ ವೈರ್ ಬಿಡಿಸಿ ಅದರ ಜಾಗಾಕ್ಕ ಹಾಕಿದ ಮ್ಯಾಲ ಹುಡುಗ ಎಡ ಬಲ ಎಡ ಬಲ ಅಂತ ಸ್ವಿಚ್ ಆಡ್ಸಿ ಆಡ್ಸಿ ನೋಡ್ದ. ಸಾಕು ಮಾರಾಯ, ಬ್ಯಾಟರಿ ಇಳೀತೈತಿ ಅನ್ಬೇಕಾತು.

ಬ್ರಿಟಿಷ್ ಗಾಡಿ ಇದ್ದೋರಿಗೆ ಇನ್ನೊಂದು ತೆಲಿಬ್ಯಾನಿ. ಹಳೆ ಬಿಎಸ್‌ಎ, ಟ್ರಯಂಫ್ ಅಂಥಾವು ಎಷ್ಟೋ ಪಾಸಿಟಿವ್ ಅರ್ಥ್, ಅಂದ್ರ ಬ್ಯಾಟರಿ ಪ್ಲಸ್ ಬಾಡಿಗೆ ಕುಂತಿರ್ತೈತಿ, ಅದ್ರಾಗ ಅರ್ಥ್ ವೈರ್ ಕೆಂಪು ಇರ್ತೈತಿ. ಕೆಂಪು ಅಂದ್ರ ಪ್ಲಸ್ ಫೀಡ್ ಅನ್ಕೊಂಡು ಕೈ ಹಾಕಿದ್ರ ಮುಗೀತು. ಸಾದಾ ಬಲ್ಬಿಗೆ ಉಲ್ಟಾ ಸೀದಾ ಫರಕ್ ಇಲ್ಲ, ಆದ್ರ ಎಲೆಕ್ಟ್ರಾನಿಕ್ ಫ್ಲಾಷರ್, ಎಲ್‌ಇಡಿ ಬಲ್ಬ್ ಅವಕ್ಕ ಹಾಕೋ ಮುಂಚೆ ನೂರು ಸಲ ಯೋಚ್ನೆ ಮಾಡ್ರಿ. ನಮ್ಮ ಕಡೆ ಇಂಥಾ ಗಾಡಿ ಬೆರಳಿನ್ಯಾಗ ಎಣಿಸಬೇಕು, ಅದಕ್ಕ ಇದನ್ನ ಇಲ್ಲಿಗೇ ಬಿಡ್ತೀನಿ.

ಫ್ಲಾಷರ್ ಬಗ್ಗೆ ಹೇಳಬೇಕಂದ್ರ, ಹಳೆ ಕಾಲದ್ದು ಒಳಗ ಬಿಸಿ ಆಗಿ ಬಗ್ಗೋ ಪಟ್ಟಿ ಇರ್ತೈತಿ. ಬಲ್ಬ್ ಎಳಿಯೋ ಕರೆಂಟಿನಿಂದ ಅದು ಬಿಸಿ ಆಗಬೇಕು, ಬಗ್ಗಬೇಕು, ಬಿಡಬೇಕು, ಆರಬೇಕು, ಮತ್ತ ಹಿಡೀಬೇಕು. ಅಂದ್ರ ಅದು ಬದುಕೋದ ಬಲ್ಬಿನ ಲೋಡ್ ಮ್ಯಾಲ. ಎರಡ್ರಾಗ ಒಂದು ಬಲ್ಬ್ ಹೋತಂದ್ರ ಕರೆಂಟ್ ಅರ್ಧ ಆತು, ಪಟ್ಟಿ ಬಿಸಿ ಆಗಂಗಿಲ್ಲ, ಉಳಿದ ಬಲ್ಬ್ ಮಿಣುಕದ ಹಂಗೇ ಹತ್ಕೊಂಡು ನಿಲ್ತೈತಿ ಅಥವಾ ಅಳಕೋತ ಅಳಕೋತ ಮಿಣುಕತೈತಿ. ಇದ ಕಾರಣಕ್ಕ ಒಂದ್ ಕಡೆ ಛಲೋ ಮಿಣುಕಿ ಇನ್ನೊಂದ್ ಕಡೆ ನಿಂತ್ರ ಫ್ಲಾಷರ್ ಕೆಟ್ಟಿಲ್ಲ ಅಂತ ತಿಳ್ಕೋರಿ, ಎರಡೂ ಕಡೆಗೆ ಇರೋದು ಒಂದ ಫ್ಲಾಷರ್. ಎರಡೂ ಕಡೆ ನಿಂತ್ರ ಮಾತ್ರ ಅದ್ರ ಮ್ಯಾಲ ಅನುಮಾನ ಪಡ್ರಿ, ಅದೂ ಫ್ಯೂಸ್ ಮತ್ತ ಬ್ಯಾಟರಿ ನೋಡಿದ ಮ್ಯಾಲ. ಫ್ಲಾಷರಿನ ಎರಡೂ ವೈರ್ ಬಿಚ್ಚಿ ಒಂದಕ್ಕೊಂದು ಕೂಡ್ಸಿ ಸ್ವಿಚ್ ಹಾಕ್ರಿ. ಬಲ್ಬ್ ಮಿಣುಕದ ಸುಮ್ನ ಪ್ರಕಾಶ ಆಗಿ ಹತ್ತಿದ್ರ ಉಳಿದ ಲೈನ್ ಎಲ್ಲಾ ಸರಿ ಐತಿ, ಆಗ ಹೋಗಿ ಫ್ಲಾಷರ್ ತರ್ರಿ.

ತರೋವಾಗ ಅದರ ಮ್ಯಾಲ ಬರ್ದಿದ್ದು ಓದ್ರಿ, 10 ವ್ಯಾಟ್ ಎರಡು ಅಂತ ಇರ್ತೈತಿ ಅಥವಾ 21 ವ್ಯಾಟ್ ಎರಡು ಅಂತ. 21ರ ಫ್ಲಾಷರಿಗೆ 10ರ ಬಲ್ಬ್ ಹಾಕಿದ್ರ ನಿಧಾನ ಅಥವಾ ಬಂದ್, 10ರ ಫ್ಲಾಷರಿಗೆ 21ರ ಬಲ್ಬ್ ಹಾಕಿದ್ರ ಓಡಿ ಓಡಿ ಲಗೂನ ಸಾಯ್ತೈತಿ. ಅಂಗಡಿಯೊಳಗ "ಎಲ್ಲಾಕೂ ನಡೀತೈತಿ ತಗೋರಿ" ಅಂತಾರ. ನಡಿಯಂಗಿಲ್ಲ.

ಮುಂದ ಸ್ಟೇರಿಂಗ್ ಹತ್ರದ ವೈರ್ ಗಂಟು. ಹ್ಯಾಂಡಲ್ ಹೊಳ್ಳಿಸಿದಾಗೆಲ್ಲಾ ಬಗ್ಗಿ ಬಗ್ಗಿ ಅಲ್ಲಿ ವೈರ್ ಒಳಗಿನ ತಾಮ್ರದ ಎಳಿ ಕಡದಿರ್ತಾವ, ಮ್ಯಾಲಿನ ಪ್ಲಾಸ್ಟಿಕ್ ಹಂಗೇ ಇರ್ತೈತಿ, ಕಣ್ಣಿಗೆ ಏನೂ ಕಾಣಂಗಿಲ್ಲ. ಇಂಡಿಕೇಟರ್ ಹಾಕಿ ಹ್ಯಾಂಡಲ್ ಪೂರಾ ಎಡಕ್ಕ ಪೂರಾ ಬಲಕ್ಕ ತಿರುವ್ರಿ, ಯಾವ ಕಡೆ ತಿರುವಿದಾಗ ನಿಲ್ತೈತೋ ನೋಡ್ರಿ. ಆಮ್ಯಾಲ ಒಂದೊಂದ ವೈರ್ ಎರಡು ಕಡೆ ಹಿಡ್ಕೊಂಡು ಮೆಲ್ಲಗ ಜಗ್ರಿ. ಛಲೋ ವೈರ್ ಜಗ್ಗಿದ್ರೂ ಬರಂಗಿಲ್ಲ, ಒಳಗ ಕಡದಿದ್ದು ಆ ಜಾಗಾದಾಗ ಸಣ್ಣಗಾಗಿ ಉದ್ದ ಆಗ್ತೈತಿ. ಅಲ್ಲೇ ಕತ್ತರಿಸಿ ಹೊಸಾ ತುಂಡು ಹಾಕಿ ಸೋಲ್ಡರ್ ಮಾಡಿ ಮ್ಯಾಲ ಬಿಸಿ ಮಾಡಿದ್ರ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವಿ ಹಾಕ್ರಿ, ಜೋಡಣಿ ಮಾತ್ರ ಬಗ್ಗೋ ಜಾಗಾದಿಂದ ದೂರ ಇರ್ಲಿ. ಬರೇ ತಿರುವಿ ಕಪ್ಪು ಟೇಪ್ ಸುತ್ತಿ ಬಿಡೋರಿಗೆ ಒಂದ ಮಾತು, ಎಪ್ರಿಲ್ ಮೇ ಒಳಗ ನಮ್ಮಲ್ಲಿ 40 ಡಿಗ್ರಿ ದಾಟ್ತೈತಿ, ಬಿಸಿಲಾಗ ನಿಂತ ಗಾಡಿ ಡೂಮ್ ಒಳಗ ಇನ್ನೂ ಜಾಸ್ತಿ, ಟೇಪಿನ ಅಂಟು ಕರಗಿ ಸುತ್ತು ತಾನಾಗೇ ಜಾರ್ತೈತಿ. ಎಷ್ಟೋ ಹೆಡ್‌ಲೈಟ್ ಬಿಚ್ಚಿದಾಗ ಕೈಯೆಲ್ಲಾ ಆ ಕರಿ ಅಂಟು.

ಹ್ಯಾಂಡಲ್ ಸ್ವಿಚ್ ಬಿಚ್ಚೋವಾಗ ಕೆಳಗ ಒಂದು ತಾಟು ಇಟ್ಕೋರಿ. ಒಳಗೊಂದು ಸಣ್ಣ ಗುಂಡು, ಅದರ ಹಿಂದ ಸ್ಪ್ರಿಂಗ್, ಮುಚ್ಚಳ ತೆಗದ ಕೂಡ್ಲೇ ಹಾರ್ತಾವ, ಮಣ್ಣಾಗ ಬಿದ್ರ ಮತ್ತ ಸಿಗಂಗಿಲ್ಲ. ತಾಮ್ರದ ಪಾಯಿಂಟ್ ಮ್ಯಾಲ ಹಸರು ಪಾಚಿ ಬಂದಿರ್ತೈತಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡದು ಜೀರೋ ಪಾಲಿಶ್ ಪೇಪರಿಂದ ಹಗುರಕ ಒರಸ್ರಿ, ಜೋರಾಗಿ ತಿಕ್ಕಿದ್ರ ಪಾಯಿಂಟ ಸವೀತೈತಿ. ಮ್ಯಾಲ ತೆಳ್ಳಗ ವ್ಯಾಸಲಿನ್. ಹಳೆ ಒರಿಜಿನಲ್ ಸ್ವಿಚ್ ಇದ್ರ ದಯಮಾಡಿ ಬಿಸಾಕಬ್ಯಾಡ್ರಿ, ಈಗ ಸಿಗೋ ಡೂಪ್ಲಿಕೇಟ್ ನಾಕು ಮಳಿಗಾಲ ಬಾಳಿಕಿ ಬಂದ್ರ ಪುಣ್ಯ.

ಇನ್ನ ಬ್ರೇಕ್ ಲೈಟ್. ಹಿಂದಿನ ಬ್ರೇಕ್ ಪೆಡಲ್ಲಿಗೆ ಒಂದು ಸ್ಪ್ರಿಂಗ್ ಸಿಗಿಸಿರ್ತಾರ, ಅದು ಸ್ವಿಚ್ಚಿನ ಕಡ್ಡಿ ಜಗ್ಗತೈತಿ. ಲೈಟ್ ಹತ್ತವಲ್ದು ಅಂದ್ರ ಸ್ವಿಚ್ಚಿನ ಎರಡು ವೈರ್ ಬಿಚ್ಚಿ ಕೂಡ್ಸಿ ನೋಡ್ರಿ, ಹತ್ತಿದ್ರ ಸ್ವಿಚ್ ಅಥವಾ ಸ್ಪ್ರಿಂಗ್ ತಪ್ಪು, ಹತ್ತಲಿಲ್ಲಂದ್ರ ಬಲ್ಬ್ ಕಡೆ ಹೋಗ್ರಿ. ಸ್ಪ್ರಿಂಗ್ ಹಳೇದಾಗಿ ಉದ್ದ ಆಗಿದ್ರ ಬ್ರೇಕ್ ಪೂರಾ ಹಿಡದ ಮ್ಯಾಲ ಲೈಟ್ ಹತ್ತತೈತಿ, ಹಿಂದ ಬರೋ ಟ್ರ್ಯಾಕ್ಟರಿನವಗ ಅದು ಗೊತ್ತಾಗೋದ್ರಾಗ ನಿಮ್ಮ ಮಡ್‌ಗಾರ್ಡ್ ಅವನ ಬಂಪರಿನ್ಯಾಗ ಇರ್ತೈತಿ. ಪೆಡಲ್ ಸ್ವಲ್ಪ ಒತ್ತಿ, ಬ್ರೇಕ್ ಇನ್ನೂ ಕಚ್ಚೋ ಮುಂಚೇನ ಹತ್ತಬೇಕು. ಅಡ್ಜಸ್ಟ್ ಮಾಡೋವಾಗ ಸ್ವಿಚ್ಚಿನ ಮೈ ಗಟ್ಟಿ ಹಿಡ್ಕೊಂಡು ನಟ್ ತಿರುವ್ರಿ, ಸ್ವಿಚ್ಚ ತಿರುವಿದ್ರ ವೈರ್ ಮುರುಟಿ ಕಡೀತಾವ. ಪೆಡಲ್ ಹೈಟ್ ಬದಲಿ ಮಾಡಿದಾಗೆಲ್ಲಾ ಇದನ್ನ ಮತ್ತೊಮ್ಮೆ ನೋಡ್ರಿ, ಇದನ್ನ ಯಾರೂ ನೋಡಂಗಿಲ್ಲ. ವಾಟರ್ ಸರ್ವಿಸ್ ಮಾಡ್ಸಿ ಬಂದ ಮ್ಯಾಲ ಬ್ರೇಕ್ ಲೈಟ್ ಆರದ ಹತ್ಕೊಂಡ ಇದ್ರ ಆ ಕಡ್ಡಿ ಒಳಗ ಮಣ್ಣು ನೀರು ಹೊಕ್ಕು ಜಾಮ್ ಆಗೈತಿ. ಹಳೆ ಯೆಜ್ಡಿ ಅಂಥಾ ಡೈನಮೊ ಗಾಡಿಯೊಳಗ ಇದು ಬರೇ ಲೈಟಿನ ಪ್ರಶ್ನೆ ಅಲ್ಲ, ಇಂಜಿನ್ ಕಾಯಿಲ್ಲಿಗೂ ಅದ ಬ್ಯಾಟರಿಯಿಂದ ಕರೆಂಟು, ಸ್ಲೋ ಇದ್ದಾಗ ಡೈನಮೊ ಚಾರ್ಜ್ ಮಾಡಂಗಿಲ್ಲ, ಬ್ರೇಕ್ ಲೈಟ್ ಸುಮ್ನ ಹತ್ಕೊಂಡಿದ್ರ ಊರು ಸುತ್ತೋದ್ರಾಗ ಗಾಡಿ ಮಿಸ್ಸಿಂಗ್ ಹೊಡಿಯಾಕ ಶುರು ಮಾಡ್ತೈತಿ, ಜನ ಕಾರ್ಬೋರೇಟರ್ ಬಿಚ್ಕೊಂಡು ಕುಂದರ್ತಾರ.

ಬಲ್ಬಿಗೆ ಬಂದ್ರ, ಟೇಲಿಗೂ ಬ್ರೇಕಿಗೂ ಒಂದ ಬಲ್ಬ್, ಒಳಗ ಎರಡು ಫಿಲಮೆಂಟ್, 5 ವ್ಯಾಟ್ ಟೇಲು, 21 ಬ್ರೇಕು, ಬುಡದಾಗ ಎರಡು ಪಾಯಿಂಟ್. ಅದರ ಎರಡು ಪಕ್ಕದ ಮೊಳಿ ಒಂದ ಎತ್ತರದಾಗ ಇರಂಗಿಲ್ಲ, ಒಂದು ಮ್ಯಾಲ ಒಂದು ಕೆಳಗ, ಉಲ್ಟಾ ಕುಂದರಬಾರ್ದು ಅಂತ ಹಂಗ ಮಾಡ್ಯಾರ. ಹೋಲ್ಡರ್ ಸವದಿದ್ರ ಜೋರು ಮಾಡಿ ಉಲ್ಟಾ ತುರುಕ್ತಾರ, ಆಗ ಯಾವಾಗ್ಲೂ ಬ್ರೇಕ್ ಹಿಡದಂಗ ಕೆಂಪಗ ಉರೀತೈತಿ, ಬ್ರೇಕ್ ತುಳಿದ್ರ ಏನೂ ಫರಕ್ ಕಾಣಂಗಿಲ್ಲ. ಡಬಲ್ ಪಾಯಿಂಟ್ ಜಾಗಾಕ್ಕ ಸಿಂಗಲ್ ಪಾಯಿಂಟ್ ಬಲ್ಬ್ ಕೂಡ್ಸಿದ್ದೂ ನೋಡೀನಿ, ಅದರ ದೊಡ್ಡ ಪಾಯಿಂಟ್ ಎರಡೂ ವೈರ್ ಕೂಡ್ಸಿಬಿಡ್ತೈತಿ. ಬಲ್ಬ್ ಕೈಯಾಗ ಹಿಡ್ದು ಪಾಯಿಂಟಿನ ಸೀಸ ನೋಡ್ರಿ, ವೈಬ್ರೇಶನ್ನಿಗೆ ಸವದು ತಗ್ಗಾಗಿದ್ರ ಸ್ಪ್ರಿಂಗ್ ಮುಟ್ಟಂಗಿಲ್ಲ, ಒಂದು ಹನಿ ಸೋಲ್ಡರ್ ಹಾಕಿದ್ರ ಬಲ್ಬ್ ಉಳೀತೈತಿ. ವಾರಕ್ಕೊಂದು ಬಲ್ಬ್ ಹೋಗಾಕತ್ತಿದ್ರ ಬಲ್ಬ್ ಬೈಬ್ಯಾಡ್ರಿ, 12 ವೋಲ್ಟ್ ಗಾಡಿ ರೇಸ್ ಮಾಡಿ ಬ್ಯಾಟರಿ ಮ್ಯಾಲ ಮೀಟರ್ ಹಿಡೀರಿ, 15 ದಾಟಿ ಹೊಂಟಿದ್ರ ವೋಲ್ಟೇಜ್ ಹಿಡಿದಿಡೋ ರೆಗ್ಯುಲೇಟರ್ ಹೋಗೈತಿ.

ಎಲ್‌ಇಡಿ ಹಾಕ್ಲೇನು ಅಂತ ಎಲ್ರೂ ಕೇಳ್ತಾರ. ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ, ಸಣ್ಣ ಬ್ಯಾಟರಿಗೆ ಛಲೋನ ಐತಿ. ಆದ್ರ ಹಳೆ ಬಿಸಿ ಆಗೋ ಫ್ಲಾಷರ್ ಎಲ್‌ಇಡಿ ಎಳಿಯೋ ಅಷ್ಟು ಸಣ್ಣ ಕರೆಂಟಿಗೆ ಕಣ್ಣೂ ತೆರೆಯಂಗಿಲ್ಲ, ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು. ಅದು ಹಾಕಿದ ಮ್ಯಾಲ ಇನ್ನೊಂದು ಮಜಾ, ಎಡಕ್ಕ ಹಾಕಿದ್ರ ನಾಕೂ ಮಿಣುಕತಾವ. ಎಷ್ಟೋ ಹಳೆ ಗಾಡಿಯೊಳಗ ಮೀಟರ್ ಹತ್ರ ಇಂಡಿಕೇಟರಿಗೆ ಒಂದ ಬಲ್ಬ್ ಇರ್ತೈತಿ, ಅದರ ಒಂದು ಕಾಲು ಎಡದ ಲೈನಿಗೆ ಇನ್ನೊಂದು ಬಲದ ಲೈನಿಗೆ. ಮೊದ್ಲು ಆ ಸಣ್ಣ ಬಲ್ಬಿನ ಮುಖಾಂತರ ಆ ಕಡೆ ಹೋಗೋ ಕರೆಂಟು ದೊಡ್ಡ ಬಲ್ಬ್ ಹತ್ತಸಾಕ ಸಾಲ್ತಿದ್ದಿಲ್ಲ, ಎಲ್‌ಇಡಿಗೆ ಅಷ್ಟ ಸಾಕು. ಎರಡು 1ಎನ್4007 ಡಯೋಡ್ ತರ್ರಿ, ಅವು ಕರೆಂಟನ್ನ ಒಂದ ದಿಕ್ಕಿಗೆ ಬಿಡ್ತಾವ, ರೇಡಿಯೋ ರಿಪೇರಿ ಅಂಗಡಿಯೊಳಗ ಚಿಲ್ರೆ ರೊಕ್ಕಕ್ಕ ಸಿಗ್ತಾವ. ಎಡದ ಲೈನಿಗೊಂದು ಬಲದ ಲೈನಿಗೊಂದು ಹಾಕಿ, ಬಿಳಿ ಗೆರಿ ಇರೋ ತುದಿ ಎರಡೂ ಕೂಡ್ಸಿ ಮೀಟರ್ ಬಲ್ಬಿನ ಒಂದು ಕಾಲಿಗೆ ಕೊಡ್ರಿ, ಇನ್ನೊಂದು ಕಾಲು ಅರ್ಥಿಗೆ. ಮುಗೀತು.

ಕೊನೀಗೆ ಬ್ಯಾಟರಿ. ಗಾಡಿ ಸ್ಲೋ ಇದ್ದಾಗ ಮಿಣುಕದ, ರೇಸ್ ಕೊಟ್ರ ಮಿಣುಕಿದ್ರ ಬ್ಯಾಟರಿ ಹೋಗೈತಿ ಅಂತ ತಿಳ್ಕೋರಿ. ಆರ್‌ಎಕ್ಸ್ ಹುಡುಗ್ರು ಇನ್ನೂ ಒಂದು ಹೆಜ್ಜಿ ಮುಂದ, ಬ್ಯಾಟರಿ ತೆಗದು ಆ ಜಾಗಾದಾಗ ಒಂದು ಕೆಪ್ಯಾಸಿಟರ್ ಕೂಡ್ಸಿಕೊಂಡು ಓಡಸ್ತಾರ, ಕಿಕ್ ಹೊಡದ್ರ ಸ್ಟಾರ್ಟ್ ಆಗ್ತೈತಲ್ಲಣ್ಣ ಅಂತಾರ. ಆಗ್ತೈತಿ, ಆ ಇಂಜಿನ್ನಿಗೆ ಬ್ಯಾಟರಿ ಬೇಕಾಗಿಲ್ಲ, ಇಂಡಿಕೇಟರಿಗೆ ಬೇಕು, ಹಾರ್ನಿಗೆ ಬೇಕು, ಬ್ರೇಕ್ ಲೈಟಿಗೆ ಬೇಕು. ಅಂಥಾ ಗಾಡಿ ಬಂದ್ರ ನಾ ಹೆಡ್‌ಲೈಟಿನ ಸ್ಕ್ರೂನೂ ಮುಟ್ಟಂಗಿಲ್ಲ, ಮೊದ್ಲು ಹೋಗಿ ಬ್ಯಾಟರಿ ಹಾಕ್ಸ್ಕೊಂಡು ಬಾರಪಾ ತಮ್ಮಾ, ಆಮ್ಯಾಲ ಮಾತಾಡೋಣ ಅಂತೀನಿ.